ಆ ಸಂಖ್ಯೆ ಎಲ್ಲಿಂದ ಬಂತು?

(ದತ್ತಾಂಶ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿಗಳಿಗೂ ಅವರ ಮಾರ್ಗದರ್ಶಕರಿಗೂ ನೀಡಿದ ಉಪನ್ಯಾಸದ ಬರಹ ರೂಪ)

2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಇಬ್ಬರು ಹೆಸರಾಂತ ಅರ್ಥಶಾಸ್ತ್ರಜ್ಞರು ಒಂದು ಲೇಖನ ಪ್ರಕಟಿಸಿದರು. ಸರ್ಕಾರದ ಸಾಲ ದೇಶದ ಒಟ್ಟು ಉತ್ಪನ್ನದ ಶೇ. 90 ದಾಟಿದರೆ ಸರಾಸರಿ ಆರ್ಥಿಕ ಬೆಳವಣಿಗೆ ಸೊನ್ನೆಗಿಂತಲೂ ಕೆಳಗೆ, ಶೇ. ಮೈನಸ್ 0.1ಕ್ಕೆ ಇಳಿಯುತ್ತದೆ ಎಂದು ಅದರಲ್ಲಿತ್ತು. ಖರ್ಚು ಕಡಿತದ ಪರವಾಗಿ ವಾದಿಸುವವರು ಹಲವು ದೇಶಗಳಲ್ಲಿ ಈ ಸಂಖ್ಯೆಯನ್ನು ಎತ್ತಿ ಹಿಡಿದರು. ಮೂರು ವರ್ಷಗಳ ನಂತರ ಅಮೆರಿಕದ ಆಮ್ಹರ್ಸ್ಟ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹರ್ನ್‌ಡನ್ ಎಂಬ ಸಂಶೋಧನಾ ವಿದ್ಯಾರ್ಥಿ ಅದೇ ಲೆಕ್ಕವನ್ನು ಮತ್ತೆ ಮಾಡಿ ನೋಡಿದ. ಪ್ರಕಟವಾದ ಒಂದು ಲೇಖನದ ಫಲಿತಾಂಶವನ್ನು ನೀವೇ ಮರಳಿ ಪಡೆಯಿರಿ ಎಂದು ತರಗತಿಯಲ್ಲಿ ಕೊಟ್ಟಿದ್ದ ಕೆಲಸ ಅದು. ಎಷ್ಟು ಮಾಡಿದರೂ ಆ ಸಂಖ್ಯೆ ಬರಲಿಲ್ಲ. ಲೇಖಕರಿಗೆ ಬರೆದ, ಅವರು ತಮ್ಮ ಸ್ಪ್ರೆಡ್‌ಶೀಟ್ ಕಳುಹಿಸಿದರು. ನೋಡಿದರೆ, ಸರಾಸರಿ ತೆಗೆಯುವ ಸೂತ್ರ ಪಟ್ಟಿಯ ಕೊನೆಯವರೆಗೆ ಹೋಗದೆ ಐದು ಸಾಲು ಮೊದಲೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಐದೂ ಲೆಕ್ಕದಿಂದ ಹೊರಗುಳಿದಿದ್ದವು.

ಈ ಕಥೆಯನ್ನು ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಕಲಿಯಬೇಕಾದದ್ದು ಇದರ ಮುಂದಿದೆ. ಆ ಸೂತ್ರದ ತಪ್ಪಿನಿಂದ ಆದ ವ್ಯತ್ಯಾಸ ಸುಮಾರು 0.3 ಶೇಕಡಾ ಅಂಶ ಮಾತ್ರ. ಹೆಚ್ಚಿನ ವ್ಯತ್ಯಾಸ ಬಂದದ್ದು ಇನ್ನೆರಡು ಕಡೆಯಿಂದ. ಕೆಲವು ದೇಶಗಳ ಯುದ್ಧಾನಂತರದ ವರ್ಷಗಳು ಲೆಕ್ಕಕ್ಕೆ ಸೇರಿರಲಿಲ್ಲ. ಮತ್ತು ಪ್ರತಿ ದೇಶಕ್ಕೂ, ಅದು ಹೆಚ್ಚು ಸಾಲದಲ್ಲಿ ಕಳೆದ ವರ್ಷಗಳು ಎಷ್ಟೇ ಇರಲಿ, ಒಂದೇ ತೂಕ ಕೊಡಲಾಗಿತ್ತು. ನ್ಯೂಜಿಲೆಂಡಿನ ಒಂದೇ ಒಂದು ವರ್ಷದ ಮೈನಸ್ 7.6 ಎಂಬ ಅಂಕಿಗೆ ಬ್ರಿಟನ್ನಿನ 19 ವರ್ಷಗಳ ಸರಾಸರಿಯಷ್ಟೇ ಬೆಲೆ ಸಿಕ್ಕಿತ್ತು. ಹರ್ನ್‌ಡನ್ ಮತ್ತು ಅವನ ಅಧ್ಯಾಪಕರಾದ ಮೈಕೆಲ್ ಆಶ್, ರಾಬರ್ಟ್ ಪಾಲಿನ್ ಎಲ್ಲವನ್ನೂ ಸರಿಪಡಿಸಿ ಲೆಕ್ಕ ಹಾಕಿದಾಗ ಬಂದದ್ದು ಪ್ಲಸ್ 2.2. ಸೂತ್ರದ ತಪ್ಪನ್ನು ಮೂಲ ಲೇಖಕರು ಒಪ್ಪಿಕೊಂಡರು. ತೂಕದ ವಿಚಾರದಲ್ಲಿ ತಮ್ಮ ಆಯ್ಕೆಯನ್ನು ಸಮರ್ಥಿಸಿಕೊಂಡರು. ಸೂತ್ರದ ತಪ್ಪು ಎದ್ದು ಕಾಣುತ್ತದೆ. ತೂಕ ಹೇಗೆ ಕೊಡಬೇಕು, ಯಾವ ವರ್ಷ ಬಿಡಬೇಕು ಎಂಬ ತೀರ್ಮಾನಗಳು ಲೇಖನದ ಒಂದು ಸಾಲಿನಲ್ಲಿ ಅಡಗಿ ಕೂರುತ್ತವೆ.

ಇವತ್ತು ನಾನು ವಾದಿಸಲು ಬಂದಿರುವುದು ಇಷ್ಟು: ಡೇಟಾ ಸೈನ್ಸ್‌ನಲ್ಲಿ ಒಂದು ಸಂಖ್ಯೆ ಎಲ್ಲಿಂದ ಬಂತೆಂದು ಬುಡದವರೆಗೆ ಹುಡುಕಿಕೊಂಡು ಹೋಗುವುದು ಸಂಶೋಧನೆಗೆ ಮುಂಚಿನ ತಯಾರಿ ಎಂದು ತಿಳಿಯಬಾರದು, ಅದೇ ಸಂಶೋಧನೆ. ಪಿಎಚ್‌ಡಿಗೆ ಸೇರಿದ ವಿದ್ಯಾರ್ಥಿಗೆ ಮೊದಲ ದಿನದಿಂದ ಕಲಿಸಬೇಕಾದದ್ದೂ ಇದನ್ನೇ. ಹೊಸ ಅಲ್ಗಾರಿದಮ್ ಆಮೇಲೆ ಬರಲಿ.

ಮೊದಲ ಮೂರು ತಿಂಗಳು

ಹಾಗಾಗಿ ಹೊಸದಾಗಿ ಬಂದ ವಿದ್ಯಾರ್ಥಿಗೆ ಕೊಡಬೇಕಾದ ಮೊದಲ ಕೆಲಸವೂ ಅದೇ: ಪ್ರಕಟಿತ ಲೇಖನವೊಂದರ ಒಂದು ಕೋಷ್ಟಕವನ್ನು ಮರಳಿ ಪಡೆಯುವುದು. ಇಡೀ ಲೇಖನ ಬೇಡ, ಒಂದು ಕೋಷ್ಟಕ ಸಾಕು. ಆಯ್ಕೆ ಮಾಡುವಾಗ ಮೂರು ವಿಷಯ ನೋಡಿ. ಡೇಟಾ ಎಲ್ಲರಿಗೂ ಸಿಗುವಂತಿರಬೇಕು. ಲೆಕ್ಕ ಒಂದು ಸಾಧಾರಣ ಕಂಪ್ಯೂಟರಿನಲ್ಲಿ ಒಂದು ರಾತ್ರಿಯೊಳಗೆ ಮುಗಿಯುವಂತಿರಬೇಕು. ವಿಧಾನ ವಿದ್ಯಾರ್ಥಿ ಮುಂದೆ ಮಾಡಲಿರುವ ಕೆಲಸಕ್ಕೆ ಹತ್ತಿರ ಇರಬೇಕು, ಇಲ್ಲದಿದ್ದರೆ ಅವಳಿಗೆ ಅದು ಶಿಕ್ಷೆಯಂತೆ ಕಾಣುತ್ತದೆ.

ಕೆಲಸದ ಕ್ರಮವೂ ಮುಖ್ಯ. ಲೇಖಕರ ಕೋಡ್ ಲಭ್ಯವಿದ್ದರೂ ಮೊದಲು ಅದನ್ನು ತೆರೆಯಬಾರದು. ಲೇಖನದಲ್ಲಿ ಬರೆದಿರುವುದನ್ನಷ್ಟೇ ಓದಿ ತಾನೇ ಕೋಡ್ ಬರೆಯಬೇಕು. ಎಲ್ಲೆಲ್ಲಿ ಲೇಖನ ಸುಮ್ಮನಿದೆಯೋ, ಉದಾಹರಣೆಗೆ ಖಾಲಿ ಜಾಗಗಳನ್ನು ಹೇಗೆ ತುಂಬಿದರು, ಯಾವ ಸಾಲುಗಳನ್ನು ತೆಗೆದುಹಾಕಿದರು, ಅಲ್ಲೆಲ್ಲ ತಾನು ಊಹಿಸಿದ್ದನ್ನು ಒಂದು ಪಟ್ಟಿ ಮಾಡಬೇಕು. ನಂತರವೇ ಲೇಖಕರ ಕೋಡ್ ತೆರೆದು ಹೋಲಿಸಬೇಕು. ಬರೆಯದೆ ಬಿಟ್ಟ ಇಂಥ ತೀರ್ಮಾನಗಳೇ ಫಲಿತಾಂಶವನ್ನು ಎಷ್ಟು ಅಲುಗಾಡಿಸುತ್ತವೆ ಎಂಬುದು ಆಗ ಕೈಗೆ ಸಿಗುತ್ತದೆ. ಪಟ್ಟಿಯ ಒಂದೊಂದು ಊಹೆಯನ್ನೂ ಬದಲಿಸಿ ಲೆಕ್ಕ ಮತ್ತೆ ಓಡಿಸಿದರೆ, ಮೂಲ ತೀರ್ಮಾನ ನಿಲ್ಲುತ್ತದೋ ಬೀಳುತ್ತದೋ ಗೊತ್ತಾಗುತ್ತದೆ. ಈ ಕೊನೆಯ ಹೆಜ್ಜೆಯೇ ಎಷ್ಟೋ ಸಲ ವಿದ್ಯಾರ್ಥಿಯ ಮೊದಲ ಲೇಖನವಾಗುತ್ತದೆ.

ಇಲ್ಲಿ ಎಡವುವುದು ಹೆಚ್ಚಾಗಿ ಮಾರ್ಗದರ್ಶಕರು. ಎರಡು ವಾರ ಕಳೆದರೂ ಸಂಖ್ಯೆ ಹೊಂದಲಿಲ್ಲ ಎಂದ ತಕ್ಷಣ 'ಬಿಡು, ಮುಂದಿನ ಕೆಲಸ ನೋಡು' ಎನ್ನುತ್ತಾರೆ. ಹೊಂದದೆ ಇರುವುದಕ್ಕೆ ಕಾರಣ ಗೊತ್ತಾಗುವ ತನಕ ಬಿಡಬಾರದು. ಕಾರಣ ವಿದ್ಯಾರ್ಥಿಯ ಕೋಡಿನಲ್ಲಿರಬಹುದು, ಲೇಖನದಲ್ಲಿರಬಹುದು, ಡೇಟಾದ ಆವೃತ್ತಿ ಬದಲಾಗಿರಬಹುದು. ಮೂರರಲ್ಲಿ ಯಾವುದು ಎಂದು ಆಧಾರ ಸಮೇತ ಹೇಳಬಲ್ಲಳಾದರೆ ಆ ಮೂರು ತಿಂಗಳು ಸಾರ್ಥಕ.

ಕಚ್ಚಾ ಡೇಟಾ ಹೇಗೆ ಕೈ ಕೊಡುತ್ತದೆ ಎಂಬುದೂ ಈ ಅವಧಿಯಲ್ಲೇ ತಿಳಿಯಬೇಕು. 2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದೈನಂದಿನ ವರದಿಯಿಂದ ತಪ್ಪಿಹೋಗಿದ್ದವೆಂದು ಗೊತ್ತಾಯಿತು. ಹಳೆಯ ಎಕ್ಸೆಲ್ ಫೈಲ್ ಸ್ವರೂಪದಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಉಳಿದ ಸಾಲುಗಳು ಸದ್ದಿಲ್ಲದೆ ಬಿದ್ದುಹೋಗಿದ್ದವು. ಜೀವವಿಜ್ಞಾನದಲ್ಲಿ ಸೆಪ್ಟ್2, ಮಾರ್ಚ್1 ಎಂಬಂಥ ಜೀನ್ ಹೆಸರುಗಳನ್ನು ಸ್ಪ್ರೆಡ್‌ಶೀಟ್ ದಿನಾಂಕಗಳನ್ನಾಗಿ ಬದಲಿಸುತ್ತಿತ್ತು. ಎಕ್ಸೆಲ್ ಜೀನ್ ಪಟ್ಟಿಗಳನ್ನು ಲಗತ್ತಿಸಿದ ಲೇಖನಗಳಲ್ಲಿ ಐದರಲ್ಲೊಂದರಷ್ಟು ಈ ತಪ್ಪು ಹೊತ್ತಿವೆ ಎಂದು 2016ರ ಸಮೀಕ್ಷೆಯೊಂದು ತೋರಿಸಿತು. ಕಡೆಗೆ 2020ರಲ್ಲಿ ಜೀನುಗಳ ಹೆಸರುಗಳನ್ನೇ ಬದಲಿಸಲಾಯಿತು. ಎರಡು ಪ್ರಸಂಗಗಳಲ್ಲೂ ಸಾಫ್ಟ್‌ವೇರ್ ಯಾವ ದೂರನ್ನೂ ಹೇಳಲಿಲ್ಲ.

ಇದಕ್ಕೆ ಮದ್ದು ಸರಳ, ಆದರೆ ದಿನವೂ ಮಾಡಬೇಕು. ಕಚ್ಚಾ ಫೈಲನ್ನು ಓದಲು ಮಾತ್ರ ಸಾಧ್ಯವಾಗುವಂತೆ ಬೀಗ ಹಾಕಿಡಿ. ಬದಲಾವಣೆಗಳೆಲ್ಲ ಕೋಡಿನ ಮೂಲಕವೇ ಆಗಲಿ, ಕೈಯಿಂದ ಒಂದು ಕೋಶವನ್ನೂ ತಿದ್ದಬೇಡಿ. ಪ್ರತಿ ಹೆಜ್ಜೆಯ ಹಿಂದೆ ಮುಂದೆ ಸಾಲುಗಳನ್ನು ಎಣಿಸಿ, ನಿರೀಕ್ಷೆಗೆ ಹೊಂದದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುವಂತೆ ಬರೆಯಿರಿ. ಎರಡು ಕೋಷ್ಟಕಗಳನ್ನು ಜೋಡಿಸುವಾಗ ಇದು ಪ್ರಾಣಾಧಾರ: ಒಂದೇ ಗುರುತಿನ ಸಂಖ್ಯೆ ಒಂದು ಕೋಷ್ಟಕದಲ್ಲಿ 3 ಸಲ, ಇನ್ನೊಂದರಲ್ಲಿ 4 ಸಲ ಇದ್ದರೆ ಜೋಡಿಸಿದ ಮೇಲೆ 12 ಸಾಲುಗಳಾಗುತ್ತವೆ, ಲೆಕ್ಕದಲ್ಲಿ ಆ ವ್ಯಕ್ತಿಯ ತೂಕ ಅಷ್ಟರ ಮಟ್ಟಿಗೆ ಏರುತ್ತದೆ. ಉತ್ತರ ಸಿಗದ ಕಡೆ ಮೈನಸ್ 99 ಅಥವಾ 999 ಎಂದು ತುಂಬುವ ರೂಢಿ ಬಹಳ ಕಡೆ ಇದೆ; ಕಾಲಂನ ಅತಿ ಕಡಿಮೆ, ಅತಿ ಹೆಚ್ಚು ಬೆಲೆಗಳನ್ನು ನೋಡದೆ ಸರಾಸರಿ ತೆಗೆದರೆ ಅವು ಸರಾಸರಿಯೊಳಗೆ ಸೇರಿಕೊಳ್ಳುತ್ತವೆ. ಬಹಳಷ್ಟು ಕಂಪ್ಯೂಟರುಗಳು ಕಾಲವನ್ನು ಸೊನ್ನೆಯಿಂದ ಎಣಿಸಲು ಶುರು ಮಾಡುವ ದಿನವಾದ 1970ರ ಜನವರಿ 1 ನೂರಾರು ಸಾಲುಗಳಲ್ಲಿ ಕಂಡರೆ ಅದು ದಿನಾಂಕ ಆಗಿರುವುದಿಲ್ಲ, ಖಾಲಿ ಜಾಗ ಆಗಿರುತ್ತದೆ.

ಸೋರಿಕೆ

ಈಗ ಸಂಶೋಧನೆಯ ತಿರುಳಿಗೆ ಬರೋಣ. ಡೇಟಾದಿಂದ ಕಂಪ್ಯೂಟರ್ ತಾನೇ ಒಂದು ಮಾಡೆಲ್, ಅಂದರೆ ಊಹಿಸುವ ಸೂತ್ರ, ಕಲಿಯುವ ಮಷಿನ್ ಲರ್ನಿಂಗ್ ಬಳಸುವ ಸಂಶೋಧನೆಯಲ್ಲಿ ಅತಿ ಹೆಚ್ಚು ಹಾನಿ ಮಾಡುತ್ತಿರುವುದು ಡೇಟಾ ಸೋರಿಕೆ ಎಂಬುದು ನನ್ನ ಅಭಿಪ್ರಾಯ. ಮಾಡೆಲ್‌ಗೆ ಕಲಿಸಲು ಇಟ್ಟ ಟ್ರೈನಿಂಗ್ ಭಾಗಕ್ಕೆ, ಪರೀಕ್ಷಿಸಲು ಎತ್ತಿಟ್ಟ ಟೆಸ್ಟ್ ಭಾಗದ ಮಾಹಿತಿ ಯಾವುದೋ ದಾರಿಯಿಂದ ತಲುಪಿಬಿಡುವುದೇ ಸೋರಿಕೆ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ವಿದ್ಯಾರ್ಥಿಯ ಅಂಕಗಳ ಹಾಗೆ ಆಗುತ್ತದೆ ಆ ಮಾಡೆಲ್‌ನ ಅಂಕ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಸಯಾಶ್ ಕಪೂರ್ ಮತ್ತು ಪ್ರಾಧ್ಯಾಪಕ ಅರವಿಂದ್ ನಾರಾಯಣನ್ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 17 ಶಾಸ್ತ್ರಗಳ 294 ಲೇಖನಗಳು ಸೋರಿಕೆಗೆ ಸಿಕ್ಕಿರುವುದನ್ನು ಪಟ್ಟಿ ಮಾಡಿದ್ದಾರೆ. ಅಂತರ್ಯುದ್ಧವನ್ನು ಮುಂದಾಗಿ ಊಹಿಸುವ ಲೇಖನಗಳನ್ನು ಅವರು ವಿಶೇಷವಾಗಿ ಪರೀಕ್ಷಿಸಿದರು. ಸೋರಿಕೆ ಮುಚ್ಚಿ ಲೆಕ್ಕ ಹಾಕಿದ ಮೇಲೆ, ಸಂಕೀರ್ಣ ಮಾಡೆಲ್‌ಗಳು ಹೌದು ಅಥವಾ ಇಲ್ಲ ಎಂದು ಊಹಿಸುವ ದಶಕಗಳ ಹಿಂದಿನ ಸರಳ ವಿಧಾನವಾದ ಲಾಜಿಸ್ಟಿಕ್ ರಿಗ್ರೆಶನ್‌ಗಿಂತ ಹೇಳಿಕೊಳ್ಳುವಷ್ಟು ಮೇಲಿರಲಿಲ್ಲ.

ಸೋರಿಕೆ ಎಷ್ಟು ದಾರಿಗಳಿಂದ ಬರುತ್ತದೆ ನೋಡಿ. ಎಲ್ಲರಿಗೂ ಮೊದಲು ಗೊತ್ತಾಗಬೇಕಾದದ್ದು ಕಾಲಂಗಳ ಆಯ್ಕೆಯಿಂದ ಬರುವುದು. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಆದ್ದರಿಂದ ತರಗತಿಯಲ್ಲಿ ಮಾಡಿಸಿ. 50 ಸಾಲು, 5,000 ಕಾಲಂ ಇರುವ ಕೋಷ್ಟಕವನ್ನು ಕಂಪ್ಯೂಟರಿನಿಂದ ಗೊತ್ತುಗುರಿ ಇಲ್ಲದ ಸಂಖ್ಯೆಗಳಿಂದ ತುಂಬಿಸಿ. ಪ್ರತಿ ಸಾಲಿಗೆ ಹೌದು ಅಥವಾ ಇಲ್ಲ ಎಂಬ ಉತ್ತರವನ್ನು ನಾಣ್ಯ ಚಿಮ್ಮಿದಂತೆ ಕೊಡಿ. ಇದರಲ್ಲಿ ಕಲಿಯುವಂಥದ್ದು ಏನೂ ಇಲ್ಲ. ಯಾವ ಮಾಡೆಲ್ ಆದರೂ ನಿಜವಾಗಿ ಅರ್ಧ ಸಲ ಮಾತ್ರ ಸರಿ ಹೇಳಬಲ್ಲದು. ಈಗ ಉತ್ತರದ ಜೊತೆ ಹೆಚ್ಚು ಹೊಂದುವ 100 ಕಾಲಂಗಳನ್ನು ಎಲ್ಲಾ 50 ಸಾಲು ನೋಡಿ ಆರಿಸಿ, ಆಮೇಲೆ ಆ 100 ಕಾಲಂಗಳ ಮೇಲೆ ಕ್ರಾಸ್ ವ್ಯಾಲಿಡೇಶನ್ (ಸಾಲುಗಳನ್ನು ಭಾಗ ಮಾಡಿ, ಪ್ರತಿ ಸುತ್ತಿನಲ್ಲಿ ಒಂದು ಭಾಗವನ್ನು ಪರೀಕ್ಷೆಗೆ ಬಿಟ್ಟು ಉಳಿದವುಗಳಿಂದ ಕಲಿಸುವುದು) ಮಾಡಿ. ಶೇ. 90ಕ್ಕೂ ಹೆಚ್ಚು ಸರಿ ಎಂದು ತೋರಿಸುತ್ತದೆ. ಕಾಲಂ ಆಯ್ಕೆಯನ್ನು ಪ್ರತಿ ಸುತ್ತಿನ ಟ್ರೈನಿಂಗ್ ಭಾಗದೊಳಗೆ ಮಾತ್ರ ಮಾಡಿದರೆ ಅಂಕ 50ರ ಆಸುಪಾಸಿಗೆ ಮರಳುತ್ತದೆ. ಕೋಡಿನಲ್ಲಿ ಬದಲಾದದ್ದು ಎರಡು ಸಾಲುಗಳ ಹಿಂದುಮುಂದು, ಅಷ್ಟೇ. ಇದನ್ನು ತನ್ನ ಕೈಯಿಂದ ಮಾಡಿ ನೋಡಿದ ವಿದ್ಯಾರ್ಥಿ ಜನ್ಮದಲ್ಲಿ ಮರೆಯುವುದಿಲ್ಲ.

ಎರಡನೆಯದು ಒಬ್ಬನೇ ವ್ಯಕ್ತಿ ಎರಡೂ ಕಡೆ ಸೇರುವುದು. ಎದೆಯ ಎಕ್ಸ್‌ರೇಗಳ ಒಂದು ಹೆಸರಾಂತ ಸಾರ್ವಜನಿಕ ಸಂಗ್ರಹದಲ್ಲಿ 30,805 ರೋಗಿಗಳ 1,12,120 ಚಿತ್ರಗಳಿವೆ. ಅಂದರೆ ತಲೆಗೆ ಸರಾಸರಿ ಮೂರೂವರೆಗಿಂತ ಹೆಚ್ಚು. ಚಿತ್ರಗಳನ್ನು ಕಲಸಿ 80:20 ಎಂದು ಹಂಚಿದರೆ ಒಬ್ಬ ರೋಗಿಯ ಎರಡು ಚಿತ್ರ ಕಲಿಕೆಗೂ ಒಂದು ಪರೀಕ್ಷೆಗೂ ಹೋಗುತ್ತದೆ. ಮಾಡೆಲ್ ರೋಗವನ್ನು ಬಿಟ್ಟು ಆ ರೋಗಿಯ ಪಕ್ಕೆಲುಬಿನ ಆಕಾರವನ್ನೋ ಎದೆಯೊಳಗಿನ ಪೇಸ್‌ಮೇಕರನ್ನೋ ಗುರುತಿಟ್ಟುಕೊಂಡರೂ ಒಳ್ಳೆಯ ಅಂಕ ಬರುತ್ತದೆ. ಹಂಚಬೇಕಾದದ್ದು ರೋಗಿಗಳನ್ನು. ಶಾಲೆಯ ಮಕ್ಕಳ ಡೇಟಾ ಆದರೆ ಶಾಲೆಗಳನ್ನು, ಉಪಗ್ರಹ ಚಿತ್ರಗಳಾದರೆ ಪ್ರದೇಶಗಳನ್ನು. ನಾಳೆ ಈ ಮಾಡೆಲ್ ಯಾವುದನ್ನು ಹೊಸದಾಗಿ ಎದುರಿಸಲಿದೆಯೋ ಅದೇ ಹಂಚುವ ಘಟಕ ಆಗಬೇಕು.

ಮೂರನೆಯದು ಕಾಲದ ಸೋರಿಕೆ. ಆಸ್ಪತ್ರೆಗೆ ಬಂದ ದಿನವೇ ನ್ಯುಮೋನಿಯಾ ಇದೆಯೇ ಎಂದು ಊಹಿಸುವ ಮಾಡೆಲ್‌ಗೆ 'ಕೊಟ್ಟ ಆಂಟಿಬಯಾಟಿಕ್' ಎಂಬ ಕಾಲಂ ಸಿಕ್ಕಿತೆನ್ನಿ. ವೈದ್ಯರು ರೋಗ ಗುರುತಿಸಿದ ಮೇಲೆ ತುಂಬಿದ ಕಾಲಂ ಅದು. ಮಾಡೆಲ್‌ಗೆ ಉತ್ತರವೇ ಸಿಕ್ಕಂತಾಯಿತು. ಇದಕ್ಕೆ ಒಂದೇ ಉಪಾಯ: ಪ್ರತಿ ಕಾಲಂನ ಎದುರು, ಈ ಮಾಹಿತಿ ಯಾವ ಗಳಿಗೆಯಲ್ಲಿ ಕೈಗೆ ಬರುತ್ತದೆ ಎಂದು ವಿದ್ಯಾರ್ಥಿ ಬರೆಯಬೇಕು. ಬರೆಯಲು ಗೊತ್ತಾಗದ ಕಾಲಂ ಹೊರಗೆ. ಅನುಮಾನಾಸ್ಪದವಾಗಿ ಚೆನ್ನಾಗಿರುವ ಅಂಕ ಬಂದಾಗ, ಮಾಡೆಲ್‌ಗೆ ಅತಿ ಮುಖ್ಯ ಎನಿಸಿದ ಮೊದಲ ಮೂರು ಕಾಲಂಗಳನ್ನು ಒಂದೊಂದಾಗಿ ತೆಗೆದು ಓಡಿಸಿ. ಒಂದನ್ನು ತೆಗೆದ ಕೂಡಲೇ ಅಂಕ ದಢಕ್ಕನೆ ಕುಸಿದರೆ ಸೋರಿಕೆ ಅಲ್ಲಿರುವ ಸಾಧ್ಯತೆಯೇ ಹೆಚ್ಚು.

ಸೋರಿಕೆ ಇಲ್ಲದಿದ್ದರೂ ಊಹೆ ಕೆಡಬಹುದು. ಜನ ಗೂಗಲ್‌ನಲ್ಲಿ ಹುಡುಕಿದ ಪದಗಳಿಂದ ಫ್ಲೂ ಜ್ವರದ ಪ್ರಮಾಣವನ್ನು ಅಂದಾಜು ಮಾಡುತ್ತಿದ್ದ ಗೂಗಲ್ ಫ್ಲೂ ಟ್ರೆಂಡ್ಸ್ 5 ಕೋಟಿ ಹುಡುಕಾಟದ ಪದಗಳಿಂದ 1,152 ದತ್ತಬಿಂದುಗಳಿಗೆ ಹೊಂದುವ 45 ಪದಗಳನ್ನು ಆರಿಸಿಕೊಂಡಿತ್ತು. ಅಷ್ಟು ಪದಗಳ ರಾಶಿಯಲ್ಲಿ ಜ್ವರಕ್ಕೆ ಸಂಬಂಧವೇ ಇಲ್ಲದೆ ಬರೀ ಚಳಿಗಾಲದಲ್ಲಿ ಏರುವ ಪದಗಳೂ ಚೆನ್ನಾಗಿಯೇ ಹೊಂದುತ್ತವೆ. 2012–13ರ ಹಂಗಾಮಿನಲ್ಲಿ ಅದು ಫ್ಲೂ ಪ್ರಮಾಣವನ್ನು ಅತಿಯಾಗಿ ಅಂದಾಜು ಮಾಡಿತು. ಹಳೆಯ ಡೇಟಾಕ್ಕೆ ಹೊಂದುವುದು ಬೇರೆ, ನಾಳೆಯ ಡೇಟಾಕ್ಕೆ ಹೊಂದುವುದು ಬೇರೆ. ಕಾಲಕ್ಕೆ ಸಂಬಂಧಪಟ್ಟ ಡೇಟಾದಲ್ಲಿ ಯಾವಾಗಲೂ ಹಿಂದಿನ ವರ್ಷಗಳಲ್ಲಿ ಕಲಿಸಿ ಮುಂದಿನ ವರ್ಷದಲ್ಲಿ ಪರೀಕ್ಷಿಸಬೇಕು.

ಒಂದು ಅಂಕ ಹೆಚ್ಚಾದರೆ ಗೆದ್ದಂತೆಯೇ?

ವಿದ್ಯಾರ್ಥಿ ಓಡಿ ಬಂದು ಹೇಳುತ್ತಾಳೆ: ಹಳೆಯ ಮಾಡೆಲ್ ಶೇ. 90, ನನ್ನದು 91.2. ಟೆಸ್ಟ್ ಸೆಟ್‌ನಲ್ಲಿ 1,000 ಸಾಲುಗಳಿದ್ದರೆ ಶೇ. 90ರ ಪ್ರಮಾಣಿತ ದೋಷವೇ (ಬೇರೆ ಸಾಲುಗಳು ಸಿಕ್ಕಿದ್ದರೆ ಅಂಕ ಸಾಮಾನ್ಯವಾಗಿ ಎಷ್ಟು ಅಲುಗಾಡುತ್ತಿತ್ತು ಎಂಬ ಅಳತೆ) ಸುಮಾರು 0.95 ಅಂಶ. ಅದರ ಎರಡರಷ್ಟು ಆಚೀಚೆ ಹೋದರೆ, ಹಳೆಯ ಮಾಡೆಲ್‌ನ ಅಂಕ ಹೆಚ್ಚು ಕಡಿಮೆ 88ರಿಂದ 92ರವರೆಗೆ ಎಲ್ಲಿಯಾದರೂ ಇರಬಹುದಿತ್ತು. ಎರಡೂ ಮಾಡೆಲ್‌ಗಳನ್ನು ಅದೇ ಸಾಲುಗಳ ಮೇಲೆ ಪರೀಕ್ಷಿಸಿರುವುದರಿಂದ ಇನ್ನೂ ಸೂಕ್ಷ್ಮವಾಗಿ ನೋಡಬಹುದು. ಎರಡೂ ಸರಿ ಹೇಳಿದ, ಎರಡೂ ತಪ್ಪು ಹೇಳಿದ ಸಾಲುಗಳನ್ನು ಪಕ್ಕಕ್ಕಿಡಿ. ಹೊಸದು ಸರಿ, ಹಳೆಯದು ತಪ್ಪು ಎಂಬ ಸಾಲುಗಳು 40. ಹಳೆಯದು ಸರಿ, ಹೊಸದು ತಪ್ಪು ಎಂಬವು 28 ಎಂದುಕೊಳ್ಳಿ. ಒಟ್ಟು 68. ನಾಣ್ಯವನ್ನು 68 ಸಲ ಚಿಮ್ಮಿದರೆ ಯಾವುದಾದರೂ ಒಂದು ಬದಿಗೆ 40 ಅಥವಾ ಹೆಚ್ಚು ಬೀಳುವ ಸಂಭವ ಸುಮಾರು ಶೇ. 18. ಇಷ್ಟರ ಮೇಲೆ ಲೇಖನ ಬರೆಯಲಾಗದು. ಟೆಸ್ಟ್ ಸೆಟ್ 10,000 ಆದರೆ ಪ್ರಮಾಣಿತ ದೋಷ 0.3 ಅಂಶಕ್ಕೆ ಇಳಿಯುತ್ತದೆ, ಆಗ 1.2 ಅಂಶದ ವ್ಯತ್ಯಾಸಕ್ಕೆ ಅರ್ಥ ಬರುತ್ತದೆ. ನ್ಯೂರಲ್ ನೆಟ್‌ವರ್ಕ್ ಆದರೆ ಆರಂಭದ ರ‍್ಯಾಂಡಮ್ ಸೀಡ್ (ಗೊತ್ತುಗುರಿ ಇಲ್ಲದ ಸಂಖ್ಯೆಗಳ ಸರಣಿ ಎಲ್ಲಿಂದ ಶುರುವಾಗಬೇಕೆಂದು ಹೇಳುವ ಸಂಖ್ಯೆ) ಬದಲಿಸಿ ಕನಿಷ್ಠ ಐದು ಸಲ ಓಡಿಸಿ ಐದೂ ಅಂಕ ತೋರಿಸಬೇಕು. ಒಳ್ಳೆಯ ಸೀಡ್ ಆರಿಸಿ ವರದಿ ಮಾಡುವುದು ಮೋಸವೇ, ತಿಳಿಯದೆ ಮಾಡಿದರೂ ಫಲ ಅದೇ.

ಅಂಕದ ಹೆಸರನ್ನೂ ಕೇಳಬೇಕು. ನೂರರಲ್ಲಿ ಒಬ್ಬರಿಗೆ ಮಾತ್ರ ಬರುವ ರೋಗಕ್ಕೆ, ಯಾರಿಗೂ ಇಲ್ಲ ಎಂದು ಹೇಳುವ ಪ್ರೋಗ್ರಾಂ ಕೂಡ ಶೇ. 99 ಸರಿ. 10,000 ಜನರನ್ನು ತೆಗೆದುಕೊಳ್ಳಿ, ರೋಗಿಗಳು 100. ಮಾಡೆಲ್ ರೋಗಿಗಳಲ್ಲಿ ಶೇ. 90 ಜನರನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲಿ ಶೇ. 95 ಜನರನ್ನು ಸರಿಯಾಗಿ ಬಿಡುತ್ತದೆ. ಕೇಳಲು ಸೊಗಸು. ಹಿಡಿದವರಲ್ಲಿ ನಿಜ ರೋಗಿಗಳು 90, ಸುಮ್ಮನೆ ಸಿಕ್ಕವರು 9,900ರ ಶೇ. 5, ಅಂದರೆ 495. ಮಾಡೆಲ್ ಬೆರಳು ತೋರಿಸಿದ ಆರು ಏಳು ಜನರಲ್ಲಿ ಒಬ್ಬರಿಗೆ ಮಾತ್ರ ರೋಗ. ಈ ಲೆಕ್ಕವನ್ನು ವಿದ್ಯಾರ್ಥಿ ಕಾಗದದ ಮೇಲೆ ಮಾಡಬಲ್ಲವಳಾಗಿರಬೇಕು.

ತರಗತಿಯಲ್ಲಿ

ಪಾಠದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಸಂಖ್ಯಾಶಾಸ್ತ್ರಜ್ಞ ವಿಲಿಯಂ ಕ್ಲೀವ್‌ಲೆಂಡ್ 2001ರಲ್ಲಿ ದತ್ತಾಂಶ ವಿಜ್ಞಾನ ವಿಭಾಗವೊಂದು ತನ್ನ ಸಂಪನ್ಮೂಲವನ್ನು ಹೇಗೆ ಹಂಚಬೇಕು ಎಂದು ಸೂಚಿಸಿದ್ದರು: ಬೇರೆ ಶಾಸ್ತ್ರಗಳ ಜೊತೆಗೂಡಿ ಮಾಡುವ ಕೆಲಸಕ್ಕೆ ಶೇ. 25, ಮಾಡೆಲ್ ಮತ್ತು ವಿಧಾನಗಳಿಗೆ 20, ಡೇಟಾ ಕಂಪ್ಯೂಟಿಂಗಿಗೆ 15, ಬೋಧನೆಗೆ 15, ಉಪಕರಣಗಳ ಮೌಲ್ಯಮಾಪನಕ್ಕೆ 5, ಸಿದ್ಧಾಂತಕ್ಕೆ 20. ಈಗಿನ ಪಠ್ಯಕ್ರಮಗಳಲ್ಲಿ ವಿಧಾನಗಳೇ ಬಹುಪಾಲು ನುಂಗಿವೆ, ಜೊತೆಗೂಡಿ ಮಾಡುವ ಕೆಲಸಕ್ಕೆ ಕೊನೆಯ ಎರಡು ವಾರ ಉಳಿಯುತ್ತದೆ. ಇದು ತಲೆಕೆಳಗಾಗಿದೆ ಎಂದೇ ನನ್ನ ಅನಿಸಿಕೆ.

ನಕ್ಷೆ ಬಿಡಿಸಿ ನೋಡುವ ಅಭ್ಯಾಸಕ್ಕೆ ಸಂಖ್ಯಾಶಾಸ್ತ್ರಜ್ಞ ಆನ್ಸ್‌ಕಂಬ್ 1973ರಲ್ಲಿ ಕೊಟ್ಟ ನಾಲ್ಕು ಪುಟ್ಟ ಡೇಟಾ ಗುಂಪುಗಳು ಇಂದಿಗೂ ಸಾಟಿಯಿಲ್ಲದವು. ಪ್ರತಿಯೊಂದರಲ್ಲಿ 11 ಬಿಂದು. ನಾಲ್ಕರಲ್ಲೂ ಎಕ್ಸ್ ಸರಾಸರಿ 9, ವೈ ಸರಾಸರಿ 7.5, ಅವೆರಡೂ ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಎಂದು ಹೇಳುವ ಸಹಸಂಬಂಧ 0.816, ಹೊಂದುವ ನೇರ ರೇಖೆಯೂ ಒಂದೇ. ಬಿಡಿಸಿದರೆ ಒಂದು ಚದುರಿದ ಓರೆ ಸಾಲು, ಒಂದು ಬಿಲ್ಲು, ಒಂದು ನೇರ ಗೆರೆಯಿಂದ ಒಂದೇ ಬಿಂದು ಹೊರಗೆ, ಮತ್ತೊಂದರಲ್ಲಿ ಇಡೀ ರೇಖೆಯನ್ನು ಒಂದೇ ಬಿಂದು ಹೊತ್ತು ನಿಂತಿದೆ. ಗುಂಪು ಮಾಡಿ ನೋಡುವುದಕ್ಕೆ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ 1973ರ ಸ್ನಾತಕೋತ್ತರ ಪ್ರವೇಶದ ಡೇಟಾ: ಒಟ್ಟಾರೆ ಗಂಡಸರಲ್ಲಿ ಶೇ. 44, ಹೆಂಗಸರಲ್ಲಿ ಶೇ. 35 ಮಂದಿಗೆ ಪ್ರವೇಶ. ವಿಭಾಗವಾರು ಬಿಡಿಸಿದರೆ ಆ ಅಂತರ ಕರಗುತ್ತದೆ, ಏಕೆಂದರೆ ಸೀಟು ಸಿಗುವುದೇ ಕಷ್ಟವಾದ ವಿಭಾಗಗಳಿಗೆ ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದರು. ಆಮೇಲೆ, ಅಂಥ ವಿಭಾಗಗಳಲ್ಲೇ ಸೀಟು ಕಡಿಮೆ ಏಕೆ ಎಂಬ ಪ್ರಶ್ನೆಯನ್ನೂ ಎತ್ತಿಸಿ. ಡೇಟಾ ಅಲ್ಲಿಗೆ ನಿಲ್ಲುತ್ತದೆ, ಪ್ರಶ್ನೆ ನಿಲ್ಲುವುದಿಲ್ಲ.

ಹೋಂವರ್ಕ್‌ಗೆ ನನಗೆ ಅತ್ಯಂತ ಹಿಡಿಸುವುದು ಕೆಡಿಸಿದ ಡೇಟಾ. ಅಧ್ಯಾಪಕರು ಒಂದು ಶುದ್ಧ ಕೋಷ್ಟಕದಲ್ಲಿ ಬೇಕೆಂದೇ ಹತ್ತು ದೋಷ ಸೇರಿಸಿ ಕೊಡಬೇಕು: ಎರಡು ಸಲ ಬಂದ ಸಾಲು, ಅಡಿ ಮತ್ತು ಮೀಟರ್ ಬೆರೆತ ಕಾಲಂ, ದಿನ ತಿಂಗಳು ಅದಲುಬದಲಾದ ದಿನಾಂಕ, ಉತ್ತರವನ್ನೇ ಹೊತ್ತ ಕಾಲಂ. ಪತ್ತೆ ಮಾಡಿದ್ದಕ್ಕೆ ಅಂಕ, ಇಲ್ಲದ ದೋಷವನ್ನು ಇದೆ ಎಂದದ್ದಕ್ಕೆ ಅಂಕ ಕಡಿತ. ಇನ್ನೊಂದು, ಉತ್ತರ ನಮಗೇ ಗೊತ್ತಿರುವ ಕೃತಕ ಡೇಟಾ. ನಿಜವಾದ ಬೆಲೆ ಇಷ್ಟರಿಂದ ಇಷ್ಟರೊಳಗಿದೆ ಎಂದು ಶೇ. 95ರ ಭರವಸೆಯಿಂದ ಹೇಳುವ ವಿಧಾನವನ್ನು 1,000 ಸಲ ಓಡಿಸಿ. ನಿಜವಾದ ಬೆಲೆ ಸುಮಾರು 950 ಸಲ ಒಳಗೆ ಬೀಳಬೇಕು. 800 ಸಲ ಮಾತ್ರ ಬಿದ್ದರೆ ವಿಧಾನದ ಯಾವುದೋ ಊಹೆ ಮುರಿದಿದೆ. ಕೋಡನ್ನು ಎಐ ಸಹಾಯಕ ಬರೆದುಕೊಟ್ಟಿದ್ದರೆ ಈ ಪರೀಕ್ಷೆ ಇನ್ನೂ ಅಗತ್ಯ: ಐದು ಸಾಲಿನ ಡೇಟಾದ ಉತ್ತರವನ್ನು ಕೈಯಲ್ಲಿ ಲೆಕ್ಕ ಹಾಕಿ, ಕೋಡ್ ಅದನ್ನೇ ಕೊಡುತ್ತದೆಯೇ ನೋಡಬೇಕು.

ವಾರದ ಭೇಟಿ

ಮಾರ್ಗದರ್ಶನಕ್ಕೆ ವಾರಕ್ಕೆ ಒಂದು ಗಂಟೆ, ನಿಗದಿತ ವೇಳೆಯಲ್ಲಿ. ಭೇಟಿಯ ಹಿಂದಿನ ದಿನ ವಿದ್ಯಾರ್ಥಿ ಒಂದು ಪುಟ ಕಳುಹಿಸಬೇಕು. ಅದರಲ್ಲಿ ಈ ವಾರದ ಪ್ರಶ್ನೆ ಏನು, ಏನು ಮಾಡಿದೆ, ಏನು ಕಂಡಿತು ಎಂಬುದರ ಒಂದು ನಕ್ಷೆ, ಎಲ್ಲಿ ಸಿಕ್ಕಿಕೊಂಡಿದ್ದೇನೆ. ಈ ಪುಟ ಬರೆಯುವಾಗಲೇ ಅರ್ಧ ತೊಡಕು ಬಿಡುತ್ತದೆ. ಮಾರ್ಗದರ್ಶಕರು ಅದನ್ನು ಓದಿ ಬರಬೇಕು. ಓದದೆ ಬಂದರೆ ಮೂರನೆಯ ವಾರಕ್ಕೆ ಪುಟ ನಿಲ್ಲುತ್ತದೆ.

ಭೇಟಿಯಲ್ಲಿ ಮೊದಲು ನೋಡಬೇಕಾದದ್ದು ಪ್ರಯೋಗಗಳ ದಾಖಲೆ ಪುಸ್ತಕ. ದಿನಾಂಕ, ಕೇಳಿದ ಪ್ರಶ್ನೆ, ಕೋಡಿನ ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ಸಾಫ್ಟ್‌ವೇರ್) ಆವೃತ್ತಿ, ಡೇಟಾದ ಆವೃತ್ತಿ, ಸೀಡ್, ಫಲಿತಾಂಶ, ಮುಂದೇನು ಎಂಬ ಏಳು ಕಾಲಂ ಸಾಕು. ವಿಫಲವಾದವೂ ಇರಬೇಕು, ಅವೇ ಮುಖ್ಯ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು 0.05ರ ಮಟ್ಟದಲ್ಲಿ, ಅಂದರೆ ಹುರುಳಿಲ್ಲದ್ದೂ ನೂರಕ್ಕೆ ಐದು ಸಲ ಗೆದ್ದಂತೆ ಕಾಣಬಹುದಾದ ಮಟ್ಟದಲ್ಲಿ, ಮಾಡಿದರೆ, ಯಾವುದರಲ್ಲೂ ಹುರುಳಿಲ್ಲದಿದ್ದರೂ ಕನಿಷ್ಠ ಒಂದು ಗೆದ್ದಂತೆ ಕಾಣುವ ಸಂಭವ ಶೇ. 64. ಸೋತ 19ನ್ನು ಯಾರೂ ಬರೆದಿಡದಿದ್ದರೆ ಗೆದ್ದ ಒಂದರ ಬೆಲೆ ಎಷ್ಟೆಂದು ಯಾರಿಗೂ ಹೇಳಲಾಗದು, ಸ್ವತಃ ವಿದ್ಯಾರ್ಥಿಗೂ.

ಪ್ರಶ್ನೆಯನ್ನು ಕಿರಿದು ಮಾಡುವುದು ಮಾರ್ಗದರ್ಶಕರ ನಿಜವಾದ ಕೆಲಸ. 'ವಿದ್ಯಾರ್ಥಿಗಳು ಓದು ಬಿಡುವುದನ್ನು ಎಐನಿಂದ ಊಹಿಸುವುದು' ಎಂಬುದು ಪ್ರಶ್ನೆಯಾಗುವುದಿಲ್ಲ. ಯಾರ ಬಗ್ಗೆ, ಯಾವ ದಿನದಂದು, ಆ ದಿನ ಕೈಯಲ್ಲಿರುವ ಯಾವ ಮಾಹಿತಿಯಿಂದ, ಎಷ್ಟು ಮುಂದಿನದನ್ನು ಊಹಿಸುತ್ತೀರಿ? ಊಹೆ ಸಿಕ್ಕ ಮೇಲೆ ಯಾರು ಏನು ಮಾಡುತ್ತಾರೆ? ಯಾವ ಸರಳ ನಿಯಮಕ್ಕಿಂತ ಮೇಲಿದ್ದರೆ ಪ್ರಯೋಜನ ಎನ್ನುತ್ತೀರಿ? ಇಷ್ಟಕ್ಕೂ ಒಂದೊಂದು ವಾಕ್ಯದ ಉತ್ತರ ಬರುವ ತನಕ ಮಾಡೆಲ್ ಕಟ್ಟಲು ಬಿಡಬೇಡಿ. ಹೋಲಿಸಲು ಇಟ್ಟ ಸರಳ ಮಾಡೆಲ್ ಮೊದಲ ವಾರದಲ್ಲೇ ಓಡಬೇಕು. ಅದನ್ನು ಕೊನೆಗೆ ಬಿಟ್ಟವರು ಅದನ್ನು ಬೇಕಾಬಿಟ್ಟಿ ಕಟ್ಟುತ್ತಾರೆ, ತಮ್ಮದು ಗೆಲ್ಲಲಿ ಎಂಬ ಆಸೆ ಒಳಗೊಳಗೇ ಕೆಲಸ ಮಾಡುತ್ತದೆ. ಇನ್ನು ಮಾರ್ಗದರ್ಶಕರು ಪ್ರತಿ ವಾರ ಪ್ರಶ್ನೆ ಬದಲಿಸುವುದು ವಿದ್ಯಾರ್ಥಿಯ ವರ್ಷಗಳನ್ನೇ ತಿನ್ನುತ್ತದೆ. ಹೊಸ ಯೋಚನೆ ಹೊಳೆದರೆ ಬೇರೆ ಕಾಗದದಲ್ಲಿ ಬರೆದಿಟ್ಟು ಮೂರು ತಿಂಗಳಿಗೊಮ್ಮೆ ತೆರೆಯಿರಿ.

ಲೇಖಕರ ಹೆಸರುಗಳ ಕ್ರಮವನ್ನು ಕೆಲಸ ಶುರುವಾಗುವಾಗಲೇ ಮಾತಾಡಿ ಬರೆದಿಡಬೇಕು, ಕೆಲಸದ ಪಾಲು ಬದಲಾದರೆ ಮತ್ತೆ ಮಾತಾಡಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೀನ್ ಡೇಟಾ ನೋಡಿ ಕ್ಯಾನ್ಸರ್ ರೋಗಿಗೆ ಔಷಧ ಆರಿಸುವ ವಿಧಾನವೊಂದು ರೋಗಿಗಳ ಮೇಲಿನ ಪ್ರಯೋಗದವರೆಗೂ ಹೋಗಿತ್ತು. ಕೀತ್ ಬ್ಯಾಗರ್ಲಿ, ಕೆವಿನ್ ಕೂಂಬ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಲೆಕ್ಕವನ್ನು ಮರಳಿ ಕಟ್ಟಿ 2009ರಲ್ಲಿ ತೋರಿಸಿದ್ದು: ಜೀನ್ ಪಟ್ಟಿ ಒಂದು ಸಾಲು ಕೆಳಗೆ ಜಾರಿತ್ತು, ಕೆಲವು ಕಡೆ ಔಷಧಕ್ಕೆ ಬಗ್ಗುವ, ಬಗ್ಗದ ಎಂಬ ಗುರುತುಗಳೇ ಅದಲುಬದಲಾಗಿದ್ದವು. ಪ್ರಯೋಗಗಳು ನಿಂತವು, ಲೇಖನಗಳನ್ನು ಹಿಂತೆಗೆದುಕೊಳ್ಳಲಾಯಿತು. ಅದೇ ಪ್ರಯೋಗಾಲಯದ ವೈದ್ಯಕೀಯ ವಿದ್ಯಾರ್ಥಿಯೊಬ್ಬ 2008ರಲ್ಲೇ ತನ್ನ ಸಂಶಯಗಳನ್ನು ಬರೆದು ಕೊಟ್ಟಿದ್ದ ಎಂಬುದು ವರ್ಷಗಳ ನಂತರ ಹೊರಬಂತು. ವಿದ್ಯಾರ್ಥಿ ಸಂಶಯ ಹೇಳಿದಾಗ ಅದನ್ನು ಆ ವಾರವೇ ಪರಿಶೀಲಿಸುವ ನಿಯಮ ಗುಂಪಿನಲ್ಲಿ ಇರಬೇಕು, ಮತ್ತು ಪರಿಶೀಲಿಸುವವರು ಮೂಲ ಕೋಡ್ ಬರೆದವರಾಗಿರಬಾರದು. ಭಾರತದ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ತಮ್ಮ ಬೆಳೆ ಸಮೀಕ್ಷೆಗಳಲ್ಲಿ ಒಂದೇ ಪ್ರದೇಶಕ್ಕೆ ಪರಸ್ಪರ ಸಂಬಂಧವಿಲ್ಲದ ಎರಡು ತಂಡಗಳನ್ನು ಕಳುಹಿಸಿ ಅಂದಾಜುಗಳನ್ನು ಹೋಲಿಸುತ್ತಿದ್ದರು. ಮುಖ್ಯ ಫಲಿತಾಂಶವನ್ನು ಇಬ್ಬರು ವಿದ್ಯಾರ್ಥಿಗಳಿಂದ ಬೇರೆ ಬೇರೆಯಾಗಿ ತೆಗೆಸುವುದು ಅದರದೇ ಮುಂದುವರಿಕೆ. ಖರ್ಚು ಎರಡು ಪಟ್ಟು ನಿಜ, ಆದರೆ ಮಹಾಪ್ರಬಂಧವೆಲ್ಲ ನಿಂತಿರುವ ಆ ಒಂದೆರಡು ಸಂಖ್ಯೆಗಳಿಗಷ್ಟೇ ಮಾಡಿದರೆ ಸಾಕು.

ಡೇಟಾದೊಳಗಿನ ಮನುಷ್ಯರನ್ನೂ ಮರೆಯಬಾರದು. ಲಟಾನ್ಯಾ ಸ್ವೀನಿ ಎಂಐಟಿಯಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ, ಹೆಸರು ತೆಗೆದು ಬಿಡುಗಡೆ ಮಾಡಿದ್ದ ವೈದ್ಯಕೀಯ ದಾಖಲೆಗಳನ್ನು ಮತದಾರರ ಪಟ್ಟಿಯ ಜೊತೆ ಜೋಡಿಸಿ ಮ್ಯಾಸಚೂಸೆಟ್ಸ್ ರಾಜ್ಯಪಾಲರ ದಾಖಲೆಯನ್ನೇ ಹುಡುಕಿ ತೆಗೆದರು. ಹುಟ್ಟಿದ ದಿನಾಂಕ, ಲಿಂಗ, ಐದಂಕಿಯ ಅಂಚೆ ಸಂಖ್ಯೆ ಮೂರೇ ಸಾಕು, ಅಮೆರಿಕದ ಶೇ. 87 ಜನರನ್ನು ಬಿಡಿಬಿಡಿಯಾಗಿ ಗುರುತಿಸಬಹುದು ಎಂದು ಅವರ 2000ದ ಅಂದಾಜು. ಹೆಸರು ಅಳಿಸಿದರೆ ಸಾಲದು. ಹುಟ್ಟಿದ ದಿನದ ಬದಲು ಐದು ವರ್ಷಗಳ ವಯೋಗುಂಪು, ಅಂಚೆ ಸಂಖ್ಯೆಯ ಬದಲು ಜಿಲ್ಲೆ ಇಡಿ; ಆಮೇಲೆ ಈ ಕಾಲಂಗಳ ಪ್ರತಿ ಜೋಡಣೆಯಲ್ಲೂ ಎಷ್ಟು ಜನರಿದ್ದಾರೆ ಎಣಿಸಿ. ಒಬ್ಬರೋ ಇಬ್ಬರೋ ಇರುವ ಗುಂಪುಗಳಿದ್ದರೆ ಆ ಕೋಷ್ಟಕ ಕೊಠಡಿಯಿಂದ ಹೊರಗೆ ಹೋಗಬಾರದು. ನೈತಿಕ ಸಮಿತಿಯ ಅನುಮತಿ ಡೇಟಾ ಸಂಗ್ರಹಕ್ಕೆ ಮುಂಚೆ ಪಡೆಯಬೇಕು. ಸಂಗ್ರಹಿಸಿದ ಮೇಲೆ ಕೇಳಿದರೆ ಕೆಲಸವೇ ವ್ಯರ್ಥವಾಗಬಹುದು.

ಮಹಾಪ್ರಬಂಧ ಸಲ್ಲಿಸುವುದಕ್ಕೆ ಎರಡು ತಿಂಗಳು ಮುಂಚೆ ಒಂದು ಕೆಲಸ ಉಳಿದಿರುತ್ತದೆ. ಗುಂಪಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಯನ್ನು ಕರೆದು, ಏನೂ ಹಾಕಿರದ ಒಂದು ಕಂಪ್ಯೂಟರ್ ಕೊಟ್ಟು, ಕಚ್ಚಾ ಡೇಟಾ, ಕೋಡ್, ಸೂಚನೆಗಳ ಫೈಲ್ ಇಷ್ಟನ್ನೇ ಕೈಗಿಡಿ. ಹಿರಿಯ ವಿದ್ಯಾರ್ಥಿಯನ್ನು ಏನೂ ಕೇಳದೆ ಪ್ರಬಂಧದ ಪ್ರತಿಯೊಂದು ಕೋಷ್ಟಕವನ್ನೂ ಮರಳಿ ಪಡೆಯಲು ಹೇಳಿ. ಮೊದಲ ದಿನ ಖಂಡಿತ ಎಲ್ಲೋ ನಿಲ್ಲುತ್ತದೆ. ಬಳಸಿದ ಕೋಡ್ ಲೈಬ್ರರಿಯ ಆವೃತ್ತಿ ಬರೆದಿರುವುದಿಲ್ಲ, ಹಿರಿಯಳ ಕಂಪ್ಯೂಟರಿನ ಫೋಲ್ಡರ್ ಹೆಸರು ಕೋಡಿನಲ್ಲೇ ಉಳಿದಿರುತ್ತದೆ, ಕೋಡನ್ನು ತುಂಡು ತುಂಡಾಗಿ ಬರೆದು ಓಡಿಸುವ ನೋಟ್‌ಬುಕ್ ಫೈಲಿನ ಕೋಶಗಳನ್ನು ಮೇಲಿನಿಂದ ಕೆಳಗೆ ಓಡಿಸಿದರೆ ಬೇರೆ ಉತ್ತರ ಬರುತ್ತದೆ. ಒಂದೊಂದನ್ನೂ ಸೂಚನೆಗಳ ಫೈಲಿನಲ್ಲಿ ತಿದ್ದಿಸಿ, ಎಲ್ಲಾ ಕೋಷ್ಟಕಗಳೂ ಕೊನೆಯ ಅಂಕಿಯವರೆಗೆ ಹೊಂದಿದ ಮೇಲೆ ಸಹಿ ಹಾಕಿ.